ಬಾರದ ಹಕ್ಕಿಗಳ ಖಾತೆ

ಸಿಂಧನೂರಿನಲ್ಲಿ ಪಾರಿವಾಳ ಸಾಕುವವರದು ಎರಡು ಪಂಗಡ. ತಮ್ಮ ಮಾಳಿಗೆಯ ನೆತ್ತಿಯ ಮೇಲೆಯೇ ಹಕ್ಕಿ ಗಂಟೆಗಟ್ಟಲೆ ಹಾರುತ್ತಿರಬೇಕು ಎನ್ನುವವರು ಒಂದು ಕಡೆ. ಹಕ್ಕಿಯನ್ನು ದೂರದೂರಿಗೆ ಒಯ್ದು ಬಿಟ್ಟು, ಅದು ಎಷ್ಟು ಬೇಗ ಮನೆ ಸೇರಿತು ಎಂದು ನೋಡುವವರು ಇನ್ನೊಂದು ಕಡೆ. ಮೊದಲಿನದು ಕಬೂತರ್‌ಬಾಜಿ, ಬಹಳ ಹಳೆಯದು. ಅಕ್ಬರ್ ಬಾದಶಹನಿಗೆ ಇದರ ಹುಚ್ಚಿತ್ತು, ಅವನ ಬಳಿ 20,000ಕ್ಕೂ ಹೆಚ್ಚು ಪಾರಿವಾಳಗಳಿದ್ದವು ಎಂದು ಐನ್-ಇ-ಅಕ್ಬರಿ ಹೇಳುತ್ತದೆ. ಎರಡನೆಯದು, ಅಂದರೆ ರೇಸಿನ ಆಟ, ನಾನು ಕಂಡಂತೆ ನಮ್ಮ ಓಣಿಗೆ ಬಂದದ್ದು ಅಕ್ಕಿ ಲಾರಿಯಲ್ಲಿ. ನಾನು ಈ ಎರಡನೆಯ ಪಂಗಡದವನು. ವಿದ್ಯೆ ಮಾತ್ರ ಕಲಿತದ್ದು ಮೊದಲನೆಯ ಪಂಗಡದ ಒಬ್ಬ ಹಿರಿಯರ ಹತ್ತಿರ.

ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಹರಿದ ಮೇಲೆ ನಮ್ಮ ಎರೆ ಹೊಲಗಳು ಗದ್ದೆಗಳಾದವು. ಬಿಳಿಜೋಳದ ಊರು ಸೋನಾ ಮಸೂರಿಯ ಊರಾಯಿತು. ಸಾಲುಸಾಲಾಗಿ ಅಕ್ಕಿ ಗಿರಣಿಗಳು ಎದ್ದವು. ಗಿರಣಿ ಇದ್ದಲ್ಲಿ ಕಾಳು ಚೆಲ್ಲುತ್ತದೆ, ಕಾಳು ಚೆಲ್ಲಿದಲ್ಲಿ ಪಾರಿವಾಳ ಇಳಿಯುತ್ತದೆ. ನಾನು ಅಂಥದ್ದೊಂದು ಗಿರಣಿಯಲ್ಲಿ ಗುಮಾಸ್ತನಾಗಿದ್ದೆ. ಎಷ್ಟು ಚೀಲ ಭತ್ತ ಬಂತು, ಎಷ್ಟು ಅಕ್ಕಿ ಹೋಯಿತು, ನುಚ್ಚೆಷ್ಟು, ತೌಡೆಷ್ಟು ಎಂದು ಬರೆಯುವುದು ನನ್ನ ಕೆಲಸ. ಅದೇ ಗಿರಣಿಯಲ್ಲಿ ಫಿಟ್ಟರ್ ಆಗಿದ್ದವರನ್ನು ನಾವೆಲ್ಲ ಚಾಚಾ ಎಂದೇ ಕರೆಯುತ್ತಿದ್ದೆವು. ಅವರ ಮಾಳಿಗೆಯ ಮೇಲೆ ಎತ್ತರ ಹಾರುವ ಹಕ್ಕಿಗಳಿದ್ದವು. ಸಂಜೆ ಪಾಳಿ ಮುಗಿಸಿ ಬಂದವರೇ ಗಳಕ್ಕೆ ಕಟ್ಟಿದ ಬಟ್ಟೆ ಬೀಸಿ ಹಿಂಡನ್ನು ಎಬ್ಬಿಸುತ್ತಿದ್ದರು. ಕತ್ತಲಾಗುವ ಮುಂಚೆ ಡಬ್ಬಿಯಲ್ಲಿ ಕಾಳು ಅಲ್ಲಾಡಿಸಿ ಇಳಿಸಿಕೊಳ್ಳುತ್ತಿದ್ದರು. ಬೇರೆಯವರ ಹಿಂಡಿನ ಹಕ್ಕಿ ತಪ್ಪಿ ತಮ್ಮ ಮಾಳಿಗೆಗೆ ಇಳಿದರೆ ಅದು ತಮ್ಮದು. ಆ ಆಟದ ಕಾನೂನೇ ಹಾಗೆ.

ಬೆಂಗಳೂರಿಗೆ ಅಕ್ಕಿ ಒಯ್ಯುತ್ತಿದ್ದ ಲಾರಿ ಡ್ರೈವರ್ ಒಬ್ಬ ಶಿವಾಜಿನಗರದ ಕಡೆಯಿಂದ ಒಂದು ಜೋಡಿ ಹೋಮರ್ ತಳಿಯ ಪಾರಿವಾಳ ತಂದುಕೊಟ್ಟ. ನೋಡಲು ಅಂಥ ಅಂದವೇನಿರಲಿಲ್ಲ. ಬೂದು ಮೈ, ರೆಕ್ಕೆಗೆ ಎರಡು ಕಪ್ಪು ಪಟ್ಟೆ, ದಪ್ಪ ಕೊಕ್ಕು, ಅಗಲ ಎದೆ. ಚಾಚಾ ಕೈಗೆತ್ತಿಕೊಂಡು ತಿರುಗಿಸಿ ನೋಡಿದರು. “ಮೈಯಾಗ ಬಲ ಐತಿ. ಆದ್ರ ಬುಟ್ಟಿಯಾಗ ತುಂಬಿ ಒಯ್ದು ಯಾವುದೋ ಊರಾಗ ಬಿಡೋದು ಎಂಥಾ ಆಟಪಾ? ಸಾಕಿದ ಹಕ್ಕಿ ಕಣ್ಣ ಮುಂದ ಹಾರಬೇಕು,” ಅಂದರು. ಆದರೂ ಮರುದಿನ ಗೂಡು ಕಟ್ಟಲು ಅವರೇ ಬಂದರು.

ಹೊಸದಾಗಿ ತಂದ ದೊಡ್ಡ ಹೋಮರನ್ನು ಎಂದೂ ಹೊರಗೆ ಬಿಡುವಂತಿಲ್ಲ. ಬಿಟ್ಟರೆ ಅದು ಹುಟ್ಟಿದ ಗೂಡಿಗೇ ಹೋಗುತ್ತದೆ. ಕೊಂಡ ಜೋಡಿ ಜಾಲಿಯೊಳಗೇ ಇದ್ದು ಮರಿ ಮಾಡಬೇಕು. ನಮ್ಮ ಮಾಳಿಗೆಯ ಮೇಲೆ ಕಣ್ಣು ತೆರೆದ ಮರಿಗೆ ಮಾತ್ರ ನಮ್ಮ ಮಾಳಿಗೆ ಮನೆ. ಹಾಗಾಗಿ ರೇಸಿಗೆ ಇಳಿಯಬೇಕೆಂದವನು ಮೊದಲು ತಳಿ ಬೆಳೆಸುವವನಾಗಬೇಕು. ತನ್ನ ಗೂಡಿಗೇ ಮರಳುವ ಈ ಗುಣವನ್ನೇ ಹಿಡಿದು ಒಡಿಶಾ ಪೊಲೀಸರು 1946ರಲ್ಲಿ ಸೇನೆಯಿಂದ ಹಕ್ಕಿಗಳನ್ನು ಪಡೆದು ಕೋರಾಪುಟ್ ಜಿಲ್ಲೆಯಲ್ಲಿ ಸಂದೇಶದ ಪಾರಿವಾಳಗಳನ್ನು ಇಟ್ಟರು. 1948ರ ಏಪ್ರಿಲ್‌ನಲ್ಲಿ ನೆಹರೂ ಸಂಬಲಪುರದಿಂದ ಕಟಕ್‌ಗೆ ಕಳಿಸಿದ ಸೂಚನೆ ಅಂಥದೇ ಹಕ್ಕಿಯ ಕಾಲಿನಲ್ಲಿ ಹೋಯಿತು. ತಂತಿ, ವೈರ್‌ಲೆಸ್ಸು ಕೆಟ್ಟ ನೆರೆಯ ದಿನಗಳಲ್ಲೂ ಅವು ಕೆಲಸಕ್ಕೆ ಬಂದವು. ಸಿಂಧನೂರಿನ ಮಾಳಿಗೆಯ ಮೇಲೆ ನಾವು ಸಾಕಿದ್ದೂ ಅದೇ ಬೆಲ್ಜಿಯಂ ಮೂಲದ ತಳಿಯನ್ನು.

ಗೂಡಿಗೆ ಗಿರಣಿಯ ಹಳೆಯ ಹಲಗೆ ಸಿಕ್ಕಿತು. ಬಡಿಗತನಕ್ಕೆ ನಿರಾಶ್ರಿತರ ಆರ್‌ಎಚ್ ಕ್ಯಾಂಪಿನ ಬಂಗಾಳಿ ಬಡಿಗ ಬಂದ. ಅವರ ಕಡೆ ಪಾರಿವಾಳ ಸಾಕುವುದು ಮರಿಯ ಸಾರು ಮಾಡಲು. ಇಷ್ಟು ಖರ್ಚು ಮಾಡಿ ಹಾರಿಸುವುದಕ್ಕೆ ಸಾಕುತ್ತಾರಲ್ಲ ಎಂದು ಅವನಿಗೆ ನಗು. ಪೂರ್ವಕ್ಕೆ ಮುಖ, ನೆಲದಿಂದ ಎರಡು ಅಡಿ ಎತ್ತರ, ಹಿಂದೆ ಮುಂದೆ ಗಾಳಿಗೆ ಜಾಲಿ, ಮೇಲೆ ತಗಡು, ತಗಡಿನ ಮೇಲೆ ಭತ್ತದ ಹುಲ್ಲು. ಮೇ ತಿಂಗಳಲ್ಲಿ ನಮ್ಮಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ, ಬರೀ ತಗಡಿನ ಕೆಳಗೆ ಮರಿ ಉಳಿಯುವುದಿಲ್ಲ. ಒಳಗೆ ಮೂರು ಖಾನೆ: ಮರಿ ಮಾಡುವ ಜೋಡಿಗಳಿಗೊಂದು, ಎಳೆಯವಕ್ಕೊಂದು, ರೇಸಿನವಕ್ಕೊಂದು. ಬಾಗಿಲಿಗೆ ಒಳಕ್ಕೆ ಮಾತ್ರ ಸರಿಯುವ ತಂತಿಕಂಬಿಗಳು. ಹಕ್ಕಿ ನೂಕಿಕೊಂಡು ಒಳಗೆ ಬರಬಹುದು, ಹೊರಗೆ ಹೋಗಲಾಗದು. ಗೂಡು ಕಟ್ಟಲು ಮಣ್ಣಿನ ಬಟ್ಟಲು, ತೊಗರಿ ಕಡ್ಡಿ, ಹೇನು ಬಾರದಂತೆ ತಳಕ್ಕೆ ಬೇವಿನ ಎಲೆ. ಸಂತೆಯಲ್ಲಿ ಸಿಗುವ ಯಾವ ಔಷಧಿಯೂ ಬೇವಿನಷ್ಟು ಅಗ್ಗವಲ್ಲ.

ಜೋಡಿ ಹಾಕಿದ ದಿನದಿಂದ ನನ್ನ ಖಾತೆ ಶುರುವಾಯಿತು. ಗಿರಣಿಯ ಉದ್ದ ಖಾತೆ ಪುಸ್ತಕವೇ. ಎಡಕ್ಕೆ ಗಂಡು, ಬಲಕ್ಕೆ ಹೆಣ್ಣು, ನಡುವೆ ದಿನಾಂಕ. ಹೆಣ್ಣು ಎರಡೇ ಮೊಟ್ಟೆ ಇಡುತ್ತದೆ. ಮೊದಲನೆಯದು ಸಂಜೆ, ಎರಡನೆಯದು ಒಂದು ದಿನ ಬಿಟ್ಟು ಮಧ್ಯಾಹ್ನದ ಮೇಲೆ. ಹಗಲಿನಲ್ಲಿ ಗಂಡು ಕಾವು ಕೂರುತ್ತದೆ, ಸಂಜೆಯಿಂದ ಬೆಳಗಿನವರೆಗೆ ಹೆಣ್ಣು. 18 ದಿನಕ್ಕೆ ಮರಿ. ಮೊದಲ ವಾರ ತಂದೆ ತಾಯಿ ಇಬ್ಬರೂ ಕೊರಳ ಚೀಲದಲ್ಲಿ ಹುಟ್ಟುವ ಗಟ್ಟಿ ಹಾಲನ್ನು ಬಾಯಿಗೆ ಬಾಯಿಟ್ಟು ಕೊಡುತ್ತವೆ. ಏಳನೆಯ ದಿನದ ಸುಮಾರಿಗೆ ಕಾಲಿಗೆ ರಿಂಗು ಹಾಕಬೇಕು. ಎರಡು ದಿನ ತಡವಾದರೆ ಪಾದ ದಪ್ಪವಾಗಿ ರಿಂಗು ಹಿಡಿಯುವುದಿಲ್ಲ, ಹಾಕಿದ ಮೇಲೆ ಜನ್ಮಕ್ಕೆ ಬಿಚ್ಚಲಾಗದು. ನಾಲ್ಕು ವಾರಕ್ಕೆ ಮರಿ ತಾನೇ ಕಾಳು ಹೆಕ್ಕುತ್ತದೆ, ಆಗ ಬೇರೆ ಖಾನೆಗೆ. ಇಷ್ಟೂ ಖಾತೆಯಲ್ಲಿ ಬರುತ್ತಿತ್ತು. ಚಾಚಾ ಅದನ್ನು ನೋಡಿ ನಗುತ್ತಿದ್ದರು. “ಏ ಗುಮಾಸ್ತಾ, ಹಕ್ಕಿಗೂ ಆವಕ ಜಾವಕ ಬರ್ಕೊಂಡಿ ಏನು?” ಅವರಿಗೆ ಓದು ಬರಹ ಬಾರದು. ಆದರೆ ತಮ್ಮ ಗೂಡಿನ ಪ್ರತಿ ಹಕ್ಕಿಯ ಅಜ್ಜ ಯಾರು, ಅಜ್ಜಿ ಯಾರು ಎಂದು ಬಾಯಿಪಾಠವಾಗಿ ಹೇಳುತ್ತಿದ್ದರು.

ಅವರಿಗೂ ಒಂದು ಪುಸ್ತಕವಿತ್ತು, ನನಗೆ ತಡವಾಗಿ ಕಂಡಿತು. ಒಂದು ದಿನ ಎಳೆಯ ಹಕ್ಕಿಯೊಂದನ್ನು ಹಿಡಿದು ರೆಕ್ಕೆ ಬಿಡಿಸಿದರು. ಹಾರುವ ಹತ್ತು ದೊಡ್ಡ ಗರಿಗಳಲ್ಲಿ ಮೂರರ ಮೇಲೆ ಅಡ್ಡಕ್ಕೆ ಒಂದು ಸಣ್ಣ ಗೆರೆ, ಬೆಳಕಿಗೆ ಹಿಡಿದರೆ ಮಾತ್ರ ಕಾಣುವಂಥದ್ದು. ಗೆರೆಯಿಂದ ಗರಿಯ ಬುಡದವರೆಗೆ ಬೆರಳಲ್ಲಿ ಅಳೆದರು. “ಈ ಗರಿ ಹುಟ್ಟೋ ಹೊತ್ತಿಗೆ ಇದು ಉಪವಾಸ ಬಿದ್ದೈತಿ. ಮರಿ ಇದ್ದಾಗ, ಮೂರನೇ ವಾರದಾಗ.” ನಾನು ಖಾತೆ ತೆಗೆದು ನೋಡಿದೆ. ಅದೇ ವಾರ ಅದರ ತಂದೆಯನ್ನು ಬೆಕ್ಕು ಹಿಡಿದಿತ್ತು, ಒಂಟಿ ತಾಯಿ ಎರಡು ಮರಿ ಸಾಕಿತ್ತು. ಗರಿ ಬೆಳೆಯುವಾಗ ಹೊಟ್ಟೆಗೆ ಬೀಳದಿದ್ದರೆ, ಜ್ವರ ಬಂದರೆ, ಆ ದಿನದ ಗುರುತು ಗರಿಯಲ್ಲಿ ಉಳಿಯುತ್ತದೆ. ಮುಂದೆ ದೂರದ ಹಾರಾಟದಲ್ಲಿ ಗರಿ ಮುರಿಯುವುದೂ ಅಲ್ಲಿಯೇ. ಅಂದಿನಿಂದ ನಾನು ಗರಿ ನೋಡುವುದನ್ನು ಕಲಿತೆ, ಚಾಚಾ ಆಗಾಗ “ನಿನ್ನ ಬುಕ್ಕಿನಾಗ ಏನೈತಿ ನೋಡು” ಎನ್ನತೊಡಗಿದರು.

ಮೇವಿನ ವಿಷಯದಲ್ಲಿ ನಮ್ಮ ಸೀಮೆ ಪುಣ್ಯವಂತ ಸೀಮೆ. ಒಂದು ಹಕ್ಕಿಗೆ ದಿನಕ್ಕೆ ಸುಮಾರು 30 ಗ್ರಾಂ ಕಾಳು ಸಾಕು. ಬಿಳಿಜೋಳ ಬುನಾದಿ, ಜೊತೆಗೆ ಸಜ್ಜೆ, ಗೋಧಿ, ಗೋವಿನಜೋಳ. ಮರಿ ಸಾಕುವ ಜೋಡಿಗೆ, ಗರಿ ಉದುರುವ ಕಾಲದಲ್ಲಿ ಎಲ್ಲಕ್ಕೂ, ಕಡಲೆ, ಹೆಸರು, ಅಲಸಂದಿ ಹೆಚ್ಚು. ದೂರ ಹಾರುವ ಪಾರಿವಾಳ ಉರಿಸುವುದು ಕೊಬ್ಬನ್ನು. ಆದ್ದರಿಂದ ರೇಸಿಗೆ ನಾಲ್ಕು ದಿನ ಇರುವಾಗ ಕುಸುಬೆ, ಗೋವಿನಜೋಳ ಏರಿಸುತ್ತಿದ್ದೆವು. ಮಸ್ಕಿ, ಲಿಂಗಸುಗೂರು ಕಡೆಯ ಕಾಲುವೆ ಬಾರದ ಒಣ ಹೊಲಗಳ ಕುಸುಬೆ ಅದಕ್ಕೆ ಹೇಳಿಮಾಡಿಸಿದ್ದು. ಹಾರಿ ಬಂದ ದಿನ ಬೆಲ್ಲದ ನೀರಿಗೆ ಚಿಟಿಕೆ ಉಪ್ಪು, ತಿನ್ನಲು ಹೊಟ್ಟು ಸಹಿತ ಭತ್ತ ಸ್ವಲ್ಪ. ಭತ್ತ ಹಗುರ, ಹೊಟ್ಟೆ ಸ್ವಚ್ಛ ಮಾಡುತ್ತದೆ. ಗೂಡಿನ ಮೂಲೆಯಲ್ಲಿ ಯಾವಾಗಲೂ ಇಟ್ಟಿಗೆ ಚೂರು, ಮೊಟ್ಟೆ ಚಿಪ್ಪು, ಇದ್ದಿಲು, ಉಪ್ಪು ಕಲಸಿದ ಬಟ್ಟಲು. ಹಕ್ಕಿಗೆ ಹಲ್ಲಿಲ್ಲ, ಅರೆಯುವ ಕೆಲಸ ಹೊಟ್ಟೆಯ ಕಲ್ಲುಗಳದು. ಎಲ್ಲಕ್ಕಿಂತ ಮುಖ್ಯ ಅಳತೆ. ಹೊಟ್ಟೆ ತುಂಬಿದ ಹಕ್ಕಿ ಮಾಳಿಗೆಯ ಅಂಚಿಗೆ ಕೂತು ಗರಿ ತೀಡುತ್ತದೆ, ಒಳಗೆ ಬರುವುದಿಲ್ಲ. ಸ್ವಲ್ಪ ಹಸಿದದ್ದು ಡಬ್ಬಿಯ ಸದ್ದಿಗೆ ನೇರ ಕಂಬಿಗೆ ನುಗ್ಗುತ್ತದೆ. ರೇಸು ಮುಗಿಯುವುದು ಹಕ್ಕಿ ಆಕಾಶದಲ್ಲಿ ಕಂಡಾಗ ಅಲ್ಲ, ಅದು ಒಳಗೆ ಬಂದಾಗ. ನೂರಾರು ಕಿಲೋಮೀಟರ್ ಹಾರಿ ಬಂದು ಮಾಳಿಗೆಯ ಅಂಚಿನಲ್ಲಿ ಐದು ನಿಮಿಷ ಕೂತು ಸೋತ ಹಕ್ಕಿಗಳನ್ನು ಬಹಳ ಕಂಡಿದ್ದೇನೆ. ಈ ಡಬ್ಬಿಯ ಶಿಸ್ತನ್ನು ನಾವು ಚಾಚಾನ ಪಂಗಡದಿಂದಲೇ ತಂದದ್ದು.

ತಾಲೀಮಿಗೆ ಅಕ್ಕಿ ಲಾರಿಗಳಿದ್ದವು. ಸಿಂಧನೂರಿನಿಂದ ಸಿರುಗುಪ್ಪ, ಬಳ್ಳಾರಿ, ಚಳ್ಳಕೆರೆ, ಹಿರಿಯೂರು, ತುಮಕೂರು ಮೇಲೆ ಬೆಂಗಳೂರು. ದಾರಿ ಹೆಚ್ಚುಕಡಿಮೆ ನೇರ ದಕ್ಷಿಣಕ್ಕೆ. ಹಕ್ಕಿಗಳನ್ನು ಒಂದೇ ದಿಕ್ಕಿನಲ್ಲಿ ಹಂತ ಹಂತವಾಗಿ ದೂರ ಮಾಡುತ್ತ ಹೋಗಬೇಕು. ಮೊದಲು ಊರಾಚೆಯ ಕಾಲುವೆ ಸೇತುವೆ, ನಂತರ ಸಿರುಗುಪ್ಪ, ಅದು ನೇರ ಲೆಕ್ಕದಲ್ಲಿ 20 ಕಿಲೋಮೀಟರ್ ಚಿಲ್ಲರೆ. ಆಮೇಲೆ 70ರ ಬಳ್ಳಾರಿ, 160ರ ಚಳ್ಳಕೆರೆ, 200ರ ಹಿರಿಯೂರು. ರಾತ್ರಿ ಬುಟ್ಟಿ ಲಾರಿ ಹತ್ತುತ್ತಿತ್ತು. ಡ್ರೈವರ್ ಬೆಳಕು ಹರಿದ ಮೇಲೆ ಗಾಡಿ ನಿಲ್ಲಿಸಿ, ಹಕ್ಕಿಗೆ ನೀರು ತೋರಿಸಿ, ಮುಚ್ಚಳ ತೆಗೆದು, ಹತ್ತಿರದ ಎಸ್‌ಟಿಡಿ ಬೂತಿನಿಂದ ಗಿರಣಿಗೆ ಫೋನ್ ಮಾಡುತ್ತಿದ್ದ. “ಆರೂವರೆಗೆ ಬಿಟ್ಟೀನ್ರಿ. ಎರಡು ಸುತ್ತು ಹೊಡದ್ವು, ನಿಮ್ಮ ಕಡೀಗೇ ಹೋದ್ವು.” ಆ ಎರಡು ಸುತ್ತು ನಮಗೆ ಬೇಕಾದ ಸುದ್ದಿ. ಬಹಳ ಹೊತ್ತು ಸುತ್ತಿದರೆ ದಿಕ್ಕು ಹಿಡಿಯಲು ಕಷ್ಟವಾಗುತ್ತಿದೆ ಎಂದೇ ಅರ್ಥ.

ಪಾರಿವಾಳ ದಾರಿ ಹಿಡಿಯುವುದು ಹೇಗೆ ಎಂದು ಮಸ್ಕಿಯ ನಮ್ಮ ಮಾಸ್ತರು ಓದಿ ಹೇಳುತ್ತಿದ್ದರು. ಅವರೂ ಹೋಮರ್ ಸಾಕುತ್ತಿದ್ದರು. ಸೂರ್ಯ ಒಂದು ದಿಕ್ಸೂಚಿ. ಹಕ್ಕಿಯನ್ನು ಕೃತಕ ಬೆಳಕಿನಲ್ಲಿಟ್ಟು ಅದರ ಮೈಯ ಗಡಿಯಾರವನ್ನು ಆರು ಗಂಟೆ ತಪ್ಪಿಸಿದರೆ, ಅದು ಮನೆಯ ದಿಕ್ಕಿಗೆ ಸುಮಾರು 90 ಡಿಗ್ರಿ ತಪ್ಪಾಗಿ ಹೊರಡುತ್ತದೆ. ಇನ್ನೊಂದು ಭೂಮಿಯ ಅಯಸ್ಕಾಂತ. ಅಮೆರಿಕದ ವಿಲಿಯಂ ಕೀಟನ್ 1971ರಲ್ಲಿ ಪಾರಿವಾಳಗಳ ಬೆನ್ನಿಗೆ ಅಯಸ್ಕಾಂತ ಅಂಟಿಸಿ ಬಿಟ್ಟು ನೋಡಿದ. ಬಿಸಿಲಿದ್ದಾಗ ಅವು ದಾರಿ ತಪ್ಪಲಿಲ್ಲ, ಮೋಡವಿದ್ದಾಗ ತಪ್ಪಿದವು. ಇಟಲಿಯ ಫ್ಲೋರಿಯಾನೊ ಪಾಪಿ ವಾಸನೆಯೂ ದಾರಿ ತೋರಿಸುತ್ತದೆ ಎಂದ. ಆಕ್ಸ್‌ಫರ್ಡಿನವರು ಹಕ್ಕಿಗಳಿಗೆ ಜಿಪಿಎಸ್ ಕಟ್ಟಿ, ಪರಿಚಯದ ಸೀಮೆಯಲ್ಲಿ ಅವು ಹೆದ್ದಾರಿ ಹಿಡಿದು ಹಾರುವುದನ್ನು, ಕೂಡುರಸ್ತೆಯಲ್ಲಿ ತಿರುಗುವುದನ್ನು ಕಂಡರು. ಹೆದ್ದಾರಿಯ ಮಾತು ಕೇಳಿ ನಮ್ಮ ಡ್ರೈವರ್‌ಗೆ ಭಾರೀ ಖುಷಿ. “ಹಂಗಾದ್ರ ನನ್ನ ಲಾರಿ ಹಿಂದನ ಬರ್ತಾವ ಅನ್ರಿ!”

ಮಾಸ್ತರ ಊರಿನ ಗುಡ್ಡದಲ್ಲಿ 1915ರಲ್ಲಿ ಪತ್ತೆಯಾದ ಅಶೋಕನ ಶಾಸನವಿದೆ. ಅವನ ಹೆಸರೇ ಬರೆದಿರುವ ಶಾಸನವೆಂದು ಅದರ ಖ್ಯಾತಿ. ಅದೇ ಅಶೋಕ ಉತ್ತರದ ಕಂಬಗಳಲ್ಲಿ ಕೆತ್ತಿಸಿದ ಐದನೆಯ ಸ್ತಂಭಶಾಸನದಲ್ಲಿ ಕೊಲ್ಲಬಾರದ ಜೀವಗಳ ಪಟ್ಟಿ ಕೊಟ್ಟಿದ್ದಾನೆ. ಬಿಳಿ ಪಾರಿವಾಳ, ಊರ ಪಾರಿವಾಳ ಎರಡೂ ಅದರಲ್ಲಿವೆ. ಹಾರಲಾರದ ಹಕ್ಕಿಯನ್ನು ಏನು ಮಾಡುವುದು ಎಂಬ ಚರ್ಚೆ ಬಂದಾಗಲೆಲ್ಲ ಮಾಸ್ತರು ಈ ಪಟ್ಟಿ ಎತ್ತುತ್ತಿದ್ದರು. ಬೇರೆ ದೇಶಗಳಲ್ಲಿ ಕೆಲವರು ಸೋತ ಹಕ್ಕಿಯ ಕುತ್ತಿಗೆ ತಿರುವುತ್ತಾರೆ. ನಾವು ಅಂಥವನ್ನು ಚಾಚಾನ ಹಿಂಡಿಗೆ, ಇಲ್ಲವೇ ಹೊಲದ ಮನೆಯವರಿಗೆ ಕೊಟ್ಟುಬಿಡುತ್ತಿದ್ದೆವು.

ರೇಸು ಎಂದರೆ ನಮ್ಮದೇನು ದೊಡ್ಡ ಕ್ಲಬ್ಬಲ್ಲ. ಸಿಂಧನೂರಿನ ಕೆಲವರು, ಮಸ್ಕಿಯ ಮಾಸ್ತರು, ಹಟ್ಟಿ ಚಿನ್ನದ ಗಣಿಯಲ್ಲಿ ಕೆಲಸಕ್ಕಿದ್ದ ಲಿಂಗಸುಗೂರಿನ ಒಬ್ಬ ಗೆಳೆಯ. ಅಂಬಾಮಠದ ಜಾತ್ರೆಯ ಆಸುಪಾಸಿನಲ್ಲಿ, ಚಳಿ ಇರುವಾಗ, ಬೆಂಗಳೂರಿನಿಂದ ಬಿಡುವುದು. ಮೂರೂರಿನ ದೂರ ಬೇರೆ ಬೇರೆ, ಆದ್ದರಿಂದ ಮೊದಲು ಬಂದ ಹಕ್ಕಿಯೇ ಗೆದ್ದಿತು ಎನ್ನುವಂತಿಲ್ಲ. ಮಾಸ್ತರು ಅಕ್ಷಾಂಶ ರೇಖಾಂಶ ಹಿಡಿದು ನೇರ ದೂರ ತೆಗೆದಿದ್ದರು: ಸಿಂಧನೂರಿಗೆ ಸುಮಾರು 323 ಕಿಲೋಮೀಟರ್, ಮಸ್ಕಿಗೆ 346, ಲಿಂಗಸುಗೂರಿಗೆ 371. ಲೆಕ್ಕ ನಿಮಿಷಕ್ಕೆ ಎಷ್ಟು ಮೀಟರ್ ಎಂದು. ಬೆಳಿಗ್ಗೆ 6.30ಕ್ಕೆ ಬಿಟ್ಟ ಹಕ್ಕಿ ಸಿಂಧನೂರಿಗೆ 11.05ಕ್ಕೆ ಬಂದರೆ 275 ನಿಮಿಷ, ಅಂದರೆ ನಿಮಿಷಕ್ಕೆ 1,175 ಮೀಟರ್. ಲಿಂಗಸುಗೂರಿನದು 11.43ಕ್ಕೆ ಬಂದರೆ 313 ನಿಮಿಷ, ನಿಮಿಷಕ್ಕೆ 1,185 ಮೀಟರ್. 38 ನಿಮಿಷ ತಡವಾಗಿ ಬಂದದ್ದು ಗೆಲ್ಲುತ್ತದೆ. ನಮ್ಮ ಓಣಿಯವರಿಗೆ ಈ ತೀರ್ಪು ಒಪ್ಪಿಸುವುದು ಹಕ್ಕಿ ಹಾರಿಸುವುದಕ್ಕಿಂತ ಕಷ್ಟವಿತ್ತು. ಮೋಸವಾಗದಂತೆ ಬಿಡುವ ಮುಂಚೆ ಪ್ರತಿ ಹಕ್ಕಿಯ ಕಾಲಿಗೆ ಒಳಗೆ ನಂಬರ್ ಬರೆದ ರಬ್ಬರ್ ರಿಂಗು ಹಾಕುತ್ತಿದ್ದೆವು. ಹಕ್ಕಿ ಒಳಗೆ ಬಂದ ಕೂಡಲೇ ರಿಂಗು ಬಿಚ್ಚಿ ನಂಬರ್ ಓದಿ ಮಾಸ್ತರಿಗೆ ಫೋನ್. ಫೋನ್ ಹೋದ ಹೊತ್ತೇ ಹಕ್ಕಿಯ ಹೊತ್ತು.

ಚಳಿಗಾಲದಲ್ಲಿ ನಮ್ಮ ಸೀಮೆಯಲ್ಲಿ ಗಾಳಿ ಈಶಾನ್ಯದಿಂದ, ಪೂರ್ವದಿಂದ ಬೀಸುತ್ತದೆ. ದಕ್ಷಿಣದಿಂದ ಬರುವ ಹಕ್ಕಿಗೆ ಅದು ಓರೆ ಎದುರುಗಾಳಿ, ಇಲ್ಲವೇ ಅಡ್ಡಗಾಳಿ. ಇದನ್ನು ಅರಿಯದೆ ಬರೀ ವೇಗ ನೋಡಿ ತಳಿ ಆರಿಸಿದರೆ ಕೆಡುತ್ತದೆ. ಯಾವ ಹಕ್ಕಿಯನ್ನು ಕಳಿಸುವುದು ಎನ್ನುವುದು ಮಾತ್ರ ಪೂರ್ತಿ ಚಾಚಾನ ಕೈಯ ಕೆಲಸ. ರೇಸನ್ನು ಬೈಯುತ್ತಲೇ ಮುನ್ನಾ ದಿನ ಸಂಜೆ ಬಂದು ಕೂರುತ್ತಿದ್ದರು. ಒಂದೊಂದನ್ನೇ ಕೈಗೆ ತೆಗೆದುಕೊಂಡು ಎದೆಯ ಗರಿ ಊದಿ ನೋಡುವರು. ಮಾಂಸ ತೆಳುಗೆಂಪು ಬಣ್ಣದಲ್ಲಿರಬೇಕು, ಹೊಟ್ಟು ಇರಬಾರದು. ಮೂಗಿನ ಮೇಲಿನ ಗಂಟು ಬೆಳ್ಳಗಿರಬೇಕು. ಬಾಯಿ ಬಿಡಿಸಿದರೆ ಗಂಟಲಲ್ಲಿ ಹಳದಿ ಹುಣ್ಣು ಇರಬಾರದು. ಹೊರಗಿನ ಗರಿಗಳು ಪೂರ್ತಿ ಬಲಿತಿರಬೇಕು. ಕೆಳಗಿಟ್ಟ ಮೇಲೆ ತಮ್ಮ ಅಂಗೈ ನೋಡಿಕೊಳ್ಳುವರು. ಆರೋಗ್ಯವಿರುವ ಹಕ್ಕಿಯ ಗರಿಯಿಂದ ಬಿಳಿ ಪುಡಿ ಉದುರುತ್ತದೆ, ಅದು ಕೈಗೆ ಹತ್ತಿರಬೇಕು. ಹತ್ತದಿದ್ದರೆ “ಇದು ಬ್ಯಾಡ” ಎಂದು ಪಕ್ಕಕ್ಕೆ. ಮೊಟ್ಟೆಯ ಮೇಲೆ ಕೂತು ಎಂಟು ಹತ್ತು ದಿನವಾದ ಹೆಣ್ಣು ಸಿಕ್ಕರೆ ಅದೇ ಮೊದಲ ಆಯ್ಕೆ, ಅದಕ್ಕೆ ಮನೆಯ ಸೆಳೆತ ಹೆಚ್ಚು.

ಖಾತೆಯಲ್ಲಿ ಆಗ ಬಂದವುಗಳ ಹೆಸರು, ಹೊತ್ತು, ವೇಗ ಮಾತ್ರ ಇರುತ್ತಿತ್ತು. ಒಂದು ರೇಸು ಮುಗಿದ ಸಂಜೆ ನಾನು ವೇಗ ತೆಗೆಯುತ್ತ ಕೂತಿದ್ದೆ. ಚಾಚಾ ಗೂಡಿನ ಖಾಲಿ ಖಾನೆಗಳನ್ನು ಎಣಿಸುತ್ತಿದ್ದರು. “ಬಂದಾವ್ದು ಎಲ್ಲಾ ಬರ್ದಿ. ಬರಲಾರದ್ದರ ಲೆಕ್ಕ ಯಾರು ಬರೀತಾರ?” ಅಂದರು. ಅವರ ಮಾತಿನಲ್ಲಿ ಆಕ್ಷೇಪಣೆಯಿತ್ತು: ಈ ಆಟವೇ ಹಕ್ಕಿ ಕಳೆಯುವ ಆಟ ಎಂಬ ಅವರ ಹಳೆಯ ತಕರಾರು. ನಾನು ಅದನ್ನು ಗುಮಾಸ್ತನ ಕಿವಿಯಿಂದ ಕೇಳಿಸಿಕೊಂಡೆ. ಗಿರಣಿಯಲ್ಲಿ ಒಣಗಿ ಹೋದದ್ದು, ಸೋರಿದ್ದು, ಇಲಿ ತಿಂದದ್ದು ಬರೆಯದಿದ್ದರೆ ಅಕ್ಕಿಯ ಲೆಕ್ಕ ಕೂಡುವುದಿಲ್ಲ. ಅಂದಿನಿಂದ ಬಾರದ ಹಕ್ಕಿಗಳಿಗೆ ಬೇರೆಯೇ ಪುಟ: ಯಾರ ಮಗ, ಯಾರ ಮಗಳು, ಎಲ್ಲಿಂದ ಬಿಟ್ಟದ್ದು, ಆ ದಿನದ ಮೋಡ ಹೇಗಿತ್ತು, ಗಾಳಿ ಯಾವ ಕಡೆಯದು, ಗರಿ ಎಷ್ಟು ಬಲಿತಿತ್ತು, ಹಿಂದಿನ ಬಿಡುಗಡೆಗೂ ಇದಕ್ಕೂ ದೂರದ ಅಂತರ ಎಷ್ಟು.

ಕೆಲವು ವರ್ಷಗಳಲ್ಲಿ ಆ ಪುಟಗಳು ಗೆದ್ದವುಗಳ ಪುಟಕ್ಕಿಂತ ಹೆಚ್ಚು ಮಾತಾಡತೊಡಗಿದವು. ಬಳ್ಳಾರಿಯ ಆಚೆ ಮೋಡದ ದಿನ ಬಿಟ್ಟ ಗುಂಪುಗಳೇ ಹೆಚ್ಚು ಒಡೆದಿದ್ದವು. ಮಾಸ್ತರು ಹೇಳಿದ ಕೀಟನ್‌ನ ಪ್ರಯೋಗ ಆಗ ನೆನಪಾಯಿತು. ಆಕಾಶ ತಿಳಿಯಾಗದಿದ್ದರೆ ಬುಟ್ಟಿ ತೆರೆಯಬೇಡ, ಬೆಂಗಳೂರಿಗೇ ಒಯ್ದು ವಾಪಸ್ ತಾ ಎಂದು ಡ್ರೈವರ್‌ಗೆ ಕಟ್ಟಪ್ಪಣೆಯಾಯಿತು. ಬಂಡೆಗುಡ್ಡಗಳ ಸೀಮೆಯಲ್ಲಿ ಬೈರಿ, ಗಿಡುಗಗಳ ಹಾವಳಿ. ಅಲ್ಲಿ ಒಂಟಿಯಾಗಿ ಬಿಟ್ಟವು ಹೋಗಿದ್ದವು, ಗುಂಪಾಗಿ ಬಿಟ್ಟವು ಬಹುತೇಕ ಬಂದಿದ್ದವು. ಹೊರಗಿನ ಗರಿ ಇನ್ನೂ ಬೆಳೆಯುತ್ತಿದ್ದಾಗ ಕಳಿಸಿದವು, ಎಳೆಯ ಹಕ್ಕಿಗಳಲ್ಲಿ 70 ಕಿಲೋಮೀಟರ್‌ನಿಂದ ಒಮ್ಮೆಲೇ 200ಕ್ಕೆ ಹಾರಿಸಿದವು, ಇವುಗಳದೇ ಒಂದು ಪಟ್ಟಿಯಾಗುವಷ್ಟಿತ್ತು. ಈ ನಾಲ್ಕು ಬಾಗಿಲು ಮುಚ್ಚಿದ್ದೇ ತಡ, ನಮ್ಮ ಹಕ್ಕಿಗಳು ಮೊದಲಿಗಿಂತ ಹೆಚ್ಚು ಬರತೊಡಗಿದವು, ಹೆಚ್ಚು ಬಂದ ಹಾಗೆ ಗೆಲುವೂ ಬಂತು.

ತಳಿಯ ವಿಷಯದಲ್ಲಿ ಆ ಪುಟ ಹೇಳಿದ್ದು ಇನ್ನೂ ವಿಚಿತ್ರ. ಲಿಂಗಸುಗೂರಿನ ಗೆಳೆಯ ಬೆಂಗಳೂರಿನಿಂದ ಬಹಳ ದುಡ್ಡು ಕೊಟ್ಟು ಹೆಸರಾಂತ ತಳಿಯ ಜೋಡಿ ತಂದಿದ್ದ. ಅವುಗಳ ಮಕ್ಕಳು ಬಳ್ಳಾರಿಯಿಂದ ಬಿಟ್ಟರೆ ಎಲ್ಲರಿಗಿಂತ ಮುಂದೆ. ಹಿರಿಯೂರು ದಾಟಿದರೆ ಅರ್ಧಕ್ಕರ್ಧ ಬಾರದ ಪುಟಕ್ಕೆ. ನನ್ನ ಗೂಡಿನಲ್ಲಿ ಬೂದಿ ಎಂದು ಕರೆಯುತ್ತಿದ್ದ ಒಂದು ಹೆಣ್ಣಿತ್ತು. ಎದುರುಗಾಳಿ ಇಲ್ಲದ ದಿನ ಒಮ್ಮೆಯೂ ಮೊದಲು ಬಂದದ್ದಲ್ಲ. ಆದರೆ ಅದಾಗಲಿ, ಅದರ ಮಕ್ಕಳಾಗಲಿ, ಮೊಮ್ಮಕ್ಕಳಾಗಲಿ ಬಾರದ ಪುಟದಲ್ಲಿ ಇಲ್ಲವೇ ಇಲ್ಲ ಎನ್ನುವಷ್ಟು ಕಡಿಮೆ. ಎದುರುಗಾಳಿಯ ದಿನ ಉಳಿದವು ಸಂಜೆಗೆ ಬಂದರೆ ಇವು ಮಧ್ಯಾಹ್ನಕ್ಕೆ. ಬೂದಿಯ ರಕ್ತ ಹೋಗದಂತೆ ಅದರ ಮೊಮ್ಮಗಳನ್ನು ಅದರ ಮಗನಿಗೇ ಜೋಡಿ ಹಾಕಿ ಒಂದು ಸುತ್ತು ಗಟ್ಟಿ ಮಾಡಿದೆವು. ಹತ್ತಿರದ ರಕ್ತ ಬಹಳ ಸಲ ಬೆರೆತರೆ ಮರಿಗಳು ಸಣ್ಣಗಾಗುತ್ತವೆ, ಮೊಟ್ಟೆ ಬಂಜೆಯಾಗುತ್ತವೆ. ಅದಕ್ಕೆ ಮುಂದಿನ ಸುತ್ತಿಗೆ ಗೆಳೆಯನ ವೇಗದ ತಳಿಯಿಂದ ಒಂದು ಹೆಣ್ಣು ತಂದು ಬೆರೆಸಿದೆವು. ಬೆಂಗಳೂರಿನಿಂದ ಎದುರುಗಾಳಿ ಸೀಳಿಕೊಂಡು ಬಂದು ಗೆದ್ದವು ಆ ಬೆರಕೆಯ ಮಕ್ಕಳು. ಗೆಳೆಯನ ಗೂಡಲ್ಲೂ, ನನ್ನ ಗೂಡಲ್ಲೂ.

ಬಾರದ ಹಕ್ಕಿ ಎಲ್ಲವೂ ಸತ್ತದ್ದಲ್ಲ. ದಣಿದದ್ದು ಕಂಡ ಹಿಂಡಿಗೆ ಇಳಿಯುತ್ತದೆ, ಇಳಿದಲ್ಲಿ ಕಬೂತರ್‌ಬಾಜಿಯ ಕಾನೂನು. ಒಂದು ಸಂಜೆ ಚಾಚಾನ ಹಿಂಡಿನ ಜೊತೆ ಅಪರಿಚಿತ ಹೋಮರ್ ಒಂದು ಇಳಿಯಿತು. ಕಾಲಲ್ಲಿ ಬೇರೆ ಊರಿನ ರಿಂಗು, ಎದೆಯ ಮಾಂಸ ಕರಗಿ ಮೂಳೆ ಕೈಗೆ ಸಿಗುತ್ತಿತ್ತು. ಇಂಥ ಹಕ್ಕಿ ಕೈಗೆ ಬಂದರೆ ರೆಕ್ಕೆ ಕಟ್ಟಿ ಇಟ್ಟುಕೊಳ್ಳುವುದು ಅವರ ಆಟದಲ್ಲಿ ಹೆಮ್ಮೆಯ ಮಾತು. ಚಾಚಾ ಬೇರೆ ಪಂಜರದಲ್ಲಿಟ್ಟು ಜೋಳ, ಕುಸುಬೆ ತಿನ್ನಿಸಿದರು. ಪರಾತದಲ್ಲಿ ನೀರಿಟ್ಟು ಸ್ನಾನ ಮಾಡಿಸಿದರು. ಮೈ ತುಂಬಿದ ಮೇಲೆ ಒಂದು ಬೆಳಿಗ್ಗೆ ಮಾಳಿಗೆಯ ಮೇಲೆ ನಿಂತು ಕೈಬಿಟ್ಟರು. ಅವರ ಜೊತೆಯವರು ಬೈದಾಗ “ಇದರ ಖಾತಾ ಬ್ಯಾರೆ ಕಡೆ ಐತಿ. ಅಲ್ಲಿ ಯಾರೋ ಗುಮಾಸ್ತ ಕೂತಿರ್ತಾನ,” ಅಂದರು. ರೇಸಿನ ಬಗ್ಗೆ ಅವರು ಆಡಿದ ಒಳ್ಳೆಯ ಮಾತು ಅದೊಂದೇ.

ಚಾಚಾ ಈಗಿಲ್ಲ. ಅವರ ಮೊಮ್ಮಗ ಎರಡೂ ಆಟ ಆಡುತ್ತಾನೆ. ಈಗ ಹಕ್ಕಿಯ ಕಾಲಿಗೆ ಎಲೆಕ್ಟ್ರಾನಿಕ್ ಚಿಪ್ ಇರುವ ರಿಂಗು ಹಾಕುವ ಕಾಲ ಬಂದಿದೆ. ಗೂಡಿನ ಬಾಗಿಲ ಪಟ್ಟಿಯ ಮೇಲೆ ಹಕ್ಕಿ ಕಾಲಿಟ್ಟ ಕ್ಷಣ ಹೊತ್ತು ತಾನೇ ದಾಖಲಾಗುತ್ತದೆ. ಬೆಂಗಳೂರು, ಚೆನ್ನೈ ಕ್ಲಬ್ಬುಗಳವರು ಹಕ್ಕಿಗಳನ್ನು ಲಾರಿ ತುಂಬಿ ಉತ್ತರದ ದೂರದ ಊರುಗಳಿಗೆ ಒಯ್ದು ಬಿಡುತ್ತಾರೆ, ಅವುಗಳ ವಿಡಿಯೋ ನಮ್ಮ ಹುಡುಗರ ಮೊಬೈಲಿನಲ್ಲಿ. 2020ರಲ್ಲಿ ನ್ಯೂ ಕಿಮ್ ಎಂಬ ಬೆಲ್ಜಿಯಂನ ಹೆಣ್ಣು ಹಕ್ಕಿ ಹರಾಜಿನಲ್ಲಿ 16 ಲಕ್ಷ ಯೂರೋಗೆ ಹೋದ ಸುದ್ದಿ ಗಂಜ್ ಮಾರುಕಟ್ಟೆಯ ಚಹಾದಂಗಡಿಗೂ ಬಂತು. ನಮ್ಮ ರೂಪಾಯಿಯಲ್ಲಿ 14 ಕೋಟಿಯ ಆಸುಪಾಸು. ಆಮೇಲೆ ಹುಡುಗರು ಕೇಳುವುದೆಲ್ಲ ಯಾವ ತಳಿ, ಯಾವ ದೇಶದ ರಕ್ತ, ಯಾವ ಟಾನಿಕ್ಕು ಎಂದೇ.

ಬಾರದ ಪುಟ ಮಾತ್ರ ಬೇರೆ ಸುದ್ದಿ ಹೇಳುತ್ತಿದೆ. ಈಚಿನ ವರ್ಷಗಳಲ್ಲಿ ಅದರಲ್ಲಿ ಗಿಡುಗಕ್ಕಿಂತ ಕರೆಂಟ್ ತಂತಿ ಹೆಚ್ಚು, ತಂತಿಗಿಂತ ಹೊಲದ ಔಷಧಿ ಹೆಚ್ಚು. ಎರಡು ಬೆಳೆ ಭತ್ತ ತೆಗೆಯುವ ಸೀಮೆ ನಮ್ಮದು, ಮೇಲಿಂದ ಮೇಲೆ ಎಣ್ಣೆ ಹೊಡೆಯುತ್ತಾರೆ. ನೂರಾರು ಕಿಲೋಮೀಟರ್ ಹಾರಿ ಬಾಯಾರಿದ ಹಕ್ಕಿ ಊರು ಇನ್ನೂ ಹತ್ತು ಕಿಲೋಮೀಟರ್ ಇರುವಾಗ ಗದ್ದೆಯ ನೀರಿಗೆ ಇಳಿಯುತ್ತದೆ. ಕೆಲವು ಬಂದೂ ಬಂದು ಕಾಲು ಊರಲಾರದೆ ಮಾಳಿಗೆಯ ಮೇಲೆ ಮಗುಚಿಕೊಳ್ಳುತ್ತವೆ. ಅದಕ್ಕೇ ನಾವು ರೇಸಿನ ದಿನವನ್ನು ಈಗ ಪಂಚಾಂಗ ನೋಡಿ ಇಡುವುದಿಲ್ಲ, ಕಾಲುವೆಯ ಕೆಳಗಿನ ರೈತರನ್ನು ಕೇಳಿ ಇಡುತ್ತೇವೆ. ಸಿಂಪಡಣೆಯ ವಾರ ಎಳೆಯವನ್ನು ಹೊರಗೆ ಬಿಡುವುದೇ ಇಲ್ಲ. ಹಾಗಾಗಿ ಯಾರಾದರೂ ಕಪ್, ಫಲಕ, ಗೆದ್ದ ಹಕ್ಕಿಯ ಮರಿ ತೋರಿಸಿ ಬೆಲೆ ಹೇಳಿದರೆ ಚಾಚಾನ ಮೊಮ್ಮಗ ದುಡ್ಡಿನ ಮಾತು ಎತ್ತುವ ಮುಂಚೆ ಒಂದು ಪ್ರಶ್ನೆ ಹಾಕುತ್ತಾನೆ: “ಇದರ ಅಣ್ಣ ತಮ್ಮಂದಿರು ಎಷ್ಟು ಹೋಗ್ಯಾವ, ಎಲ್ಲೆಲ್ಲಿ ಹೋಗ್ಯಾವ, ಬರೆದಿಟ್ಟೀರೇನ್ರಿ?” ಬರೆದಿಟ್ಟವರ ಹತ್ತಿರ ಮಾತ್ರ ಅವನು ಹಕ್ಕಿ ಕೊಳ್ಳುತ್ತಾನೆ. ಇಷ್ಟು ವರ್ಷ ಸಾಕಿದ ಮೇಲೆ ನಾನು ಹೇಳುವುದೂ ಅದನ್ನೇ.